ಎಂಓಟಿ: ಹಳೆ ಕಾರಿಗೆ ವರ್ಷಕ್ಕೊಂದು ಪರೀಕ್ಷೆ

ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನ ಕಾರು ಕಾರ್ಖಾನೆಗಳು ಮತ್ತೆ ಶುರುವಾದವು. ಆದರೆ ಅಲ್ಲಿ ತಯಾರಾದ ಹೊಸ ಕಾರುಗಳಲ್ಲಿ ಹೆಚ್ಚಿನವು ಬ್ರಿಟಿಷರ ಮನೆಗಳಿಗೆ ಹೋಗದೆ ನೇರ ಬಂದರಿನ ದಾರಿ ಹಿಡಿದವು. ಯುದ್ಧದ ಸಾಲ ತಲೆ ಮೇಲಿತ್ತು, ದೇಶಕ್ಕೆ ಡಾಲರ್ ಬೇಕಿತ್ತು. ರಫ್ತು ಮಾಡುವ ಕಂಪನಿಗೇ ಉಕ್ಕು ಹಂಚುವುದಾಗಿ ಸರ್ಕಾರ ಪಟ್ಟು ಹಿಡಿಯಿತು. ಒಳನಾಡಿನ ಗಿರಾಕಿಯ ಪಾಲಿಗೆ ಉಳಿದದ್ದು ವರ್ಷಗಟ್ಟಲೆ ಕಾಯುವ ಪಟ್ಟಿ, ಅದರ ಮೇಲೆ ಖರೀದಿ ತೆರಿಗೆ. ಬಜಾಜ್ ಸ್ಕೂಟರಿಗೆ ದುಡ್ಡು ಕಟ್ಟಿ ವರ್ಷಗಳ ಕಾಲ ಕಾದ ನಮ್ಮ ಹಿರಿಯರಿಗೆ ಈ ಪಾಡು ಹೊಸದಲ್ಲ.

ಹೀಗಾಗಿ ಜನ ಹಳೆ ಕಾರುಗಳಿಗೇ ಜೋತುಬಿದ್ದರು. 1920, 30ರ ದಶಕಗಳ ಆಸ್ಟಿನ್ ಸೆವೆನ್, ಮಾರಿಸ್ ಎಯ್ಟ್, ಫೋರ್ಡ್ ವೈ ಮಾಡೆಲ್ ಮೊದಲಾದವು ಯುದ್ಧಕಾಲದಲ್ಲಿ ಪೆಟ್ರೋಲಿಲ್ಲದೆ ಶೆಡ್ಡುಗಳಲ್ಲಿ ಧೂಳು ತಿನ್ನುತ್ತಾ ನಿಂತಿದ್ದವು. 1950ರ ಮೇ ತಿಂಗಳಲ್ಲಿ ಪೆಟ್ರೋಲ್ ಪಡಿತರ ರದ್ದಾಯಿತು. ಇಪ್ಪತ್ತು ವರ್ಷ ಹಳೆಯ ಬಂಡಿಗಳೆಲ್ಲ ರಸ್ತೆಗೆ ಬಂದವು, ಕೈಯಿಂದ ಕೈಗೆ ದಾಟಿದವು. ಅವುಗಳಲ್ಲಿ ಎಷ್ಟೋ ಕಾರುಗಳಿಗೆ ಇದ್ದದ್ದು ಕಬ್ಬಿಣದ ಸರಳು ಅಥವಾ ತಂತಿಯಿಂದ ಎಳೆಯುವ ಬ್ರೇಕು. ಒಂದು ತಂತಿ ಸಡಿಲಾದರೆ ಸಾಕು, ಬ್ರೇಕ್ ಒತ್ತಿದಾಗ ಕಾರು ಒಂದು ಮಗ್ಗುಲಿಗೆ ಎಳೆಯುತ್ತಿತ್ತು.

ಹೊಸ ಕಾರೂ ಅಷ್ಟೇನೂ ಹೊಸದಾಗಿರಲಿಲ್ಲ. 1953ರಲ್ಲಿ ಫೋರ್ಡ್ ಕಂಪನಿ 390 ಪೌಂಡಿಗೆ ಮಾರಾಟಕ್ಕಿಟ್ಟ ಪಾಪ್ಯುಲರ್, ಅಂದಿನ ಬ್ರಿಟನ್ನಿನಲ್ಲಿ ತೀರಾ ಅಗ್ಗದ ಕಾರುಗಳಲ್ಲೊಂದು. ಅದರ ಮೂಲ ವಿನ್ಯಾಸ ಯುದ್ಧಕ್ಕೂ ಮೊದಲಿನದು. ಹೈಡ್ರಾಲಿಕ್ ಬ್ರೇಕ್ ಇಲ್ಲ, ಸರಳಿನ ಬ್ರೇಕೇ. ವೈಪರ್ ತಿರುಗುತ್ತಿದ್ದದ್ದು ಎಂಜಿನ್ನಿನ ನಿರ್ವಾತದಿಂದ. ಮಳೆಯಲ್ಲಿ ಏರು ಹತ್ತುವಾಗ ಆಕ್ಸಿಲರೇಟರ್ ಒತ್ತಿದರೆ ವೈಪರ್ ನಿಧಾನವಾಗಿ, ಕಡೆಗೆ ನಿಂತೇಬಿಡುತ್ತಿತ್ತು. ಈ ಕಾರು 1959ರವರೆಗೂ ತಯಾರಾಗುತ್ತಿತ್ತು.

ಆ ಹೊತ್ತಿಗೆ ಬ್ರಿಟನ್ನಿನ ರಸ್ತೆಗಳಲ್ಲಿ ವರ್ಷಕ್ಕೆ ಆರೇಳು ಸಾವಿರ ಜನ ಸಾಯುತ್ತಿದ್ದರು. ಚಾಲಕರಿಗೆ 1935ರಲ್ಲೇ ಪರೀಕ್ಷೆ ಕಡ್ಡಾಯವಾಗಿತ್ತು. ಆದರೆ ಅವರು ಓಡಿಸುವ ಖಾಸಗಿ ಕಾರನ್ನು ಒಮ್ಮೆ ನೋಂದಣಿ ಮಾಡಿಸಿದ ಮೇಲೆ ಅದರ ಬ್ರೇಕ್ ಹಿಡಿಯುತ್ತದೋ ಇಲ್ಲವೋ ಎಂದು ನಿಯಮಿತವಾಗಿ ನೋಡುವ ಏರ್ಪಾಡೇ ಇರಲಿಲ್ಲ. ದೂರದ ನ್ಯೂಜಿಲೆಂಡ್ 1937ರಲ್ಲೇ ವಾಹನಗಳಿಗೆ ಅರ್ಹತಾಪತ್ರದ ಪದ್ಧತಿ ತಂದಿತ್ತು. ಜರ್ಮನಿ 1951ರಲ್ಲಿ ನಿಯಮಿತ ತಪಾಸಣೆ ಕಡ್ಡಾಯ ಮಾಡಿತು. ಬ್ರಿಟನ್ ಮೀನಮೇಷ ಎಣಿಸುತ್ತಿತ್ತು.

ಮೊದಲ ಹೆಜ್ಜೆ ಇಟ್ಟದ್ದು ಲಂಡನ್ನಿನ ವಾಯವ್ಯದ ಹೆಂಡನ್‌ನಲ್ಲಿ. ಸಾರಿಗೆ ಸಚಿವಾಲಯ 1950ರ ದಶಕದಲ್ಲಿ ಅಲ್ಲೊಂದು ಪ್ರಾಯೋಗಿಕ ಪರೀಕ್ಷಾ ಕೇಂದ್ರ ನಡೆಸಿತು. ಕಡ್ಡಾಯವೇನೂ ಇರಲಿಲ್ಲ, ಇಷ್ಟವಿದ್ದವರು ಕಾರು ತಂದು ತೋರಿಸಬಹುದಿತ್ತು. ಹಾಗೆ ಸ್ವಂತ ಇಚ್ಛೆಯಿಂದ ಬಂದ, ಅಂದರೆ ಕಾರಿನ ಬಗ್ಗೆ ಒಂದಿಷ್ಟು ಕಾಳಜಿ ಇದ್ದ ಮಾಲೀಕರ ವಾಹನಗಳಲ್ಲೂ ದೋಷಗಳು ಕಂಡವು. ತಾವಾಗಿಯೇ ಎಂದೂ ಬರದವರ ವಾಹನಗಳ ಸ್ಥಿತಿ ಹೇಗಿದ್ದೀತು ಎಂಬ ಪ್ರಶ್ನೆ ಎದ್ದೇ ಏಳಬೇಕಿತ್ತು. 1956ರ ರಸ್ತೆ ಸಂಚಾರ ಕಾಯ್ದೆ ವಾಹನ ಪರೀಕ್ಷೆಗೆ ಅಧಿಕಾರ ಕೊಟ್ಟಿತು. ಆಗ ಹೆರಾಲ್ಡ್ ವಾಟ್ಕಿನ್ಸನ್ ಸಾರಿಗೆ ಸಚಿವ. ಕಾಯ್ದೆ ಬಂದರೂ ಪರೀಕ್ಷೆ ಜಾರಿಗೆ ಬರಲು ಮತ್ತೆ ನಾಲ್ಕು ವರ್ಷ ಹಿಡಿಯಿತು.

ಅದನ್ನು ಜಾರಿಗೆ ತಂದವರು ಅರ್ನೆಸ್ಟ್ ಮಾರ್ಪಲ್ಸ್. 1959ರ ಅಕ್ಟೋಬರಿನಲ್ಲಿ ಸಾರಿಗೆ ಸಚಿವರಾದ ಇವರು ಮರುತಿಂಗಳೇ ಎಂ1 ಹೆದ್ದಾರಿಯನ್ನು ಉದ್ಘಾಟಿಸಿದರು. ಆಗ ಆ ಹೆದ್ದಾರಿಗೆ ವೇಗದ ಮಿತಿಯೇ ಇರಲಿಲ್ಲ. ಹಳ್ಳಿ ರಸ್ತೆಯ ವೇಗಕ್ಕೆ ಒಗ್ಗಿದ್ದ ಹಳೆ ಕಾರುಗಳು ಅಲ್ಲಿ ಒಂದೇ ಸಮನೆ ಓಡಿ ಎಂಜಿನ್ ಕುದಿದು ರಸ್ತೆ ಬದಿಯಲ್ಲಿ ಸಾಲುಗಟ್ಟಿ ನಿಂತವು. ದಂಡದ ಚೀಟಿ ಕೊಡುವ ಟ್ರಾಫಿಕ್ ವಾರ್ಡನ್ನುಗಳು ಬಂದದ್ದೂ, ರಸ್ತೆ ಅಂಚಿಗೆ ಹಳದಿ ಗೆರೆ ಬಿದ್ದದ್ದೂ ಮಾರ್ಪಲ್ಸ್ ಕಾಲದಲ್ಲೇ. ಕಾರಿನವರ ಸಿಟ್ಟು ಎಷ್ಟಿತ್ತೆಂದರೆ ಮಾರ್ಪಲ್ಸ್ ತೊಲಗಲಿ ಎಂಬ ಘೋಷಣೆ ಸೇತುವೆಗಳ ಮೇಲೂ ಕಾರುಗಳ ಹಿಂಬದಿಯಲ್ಲೂ ಕಾಣಿಸಿಕೊಂಡಿತು. ಅಂಥ ಸಚಿವರ ಕೈಯಿಂದಲೇ 1960ರ ಸೆಪ್ಟೆಂಬರ್ 12ರಂದು ವಾಹನ ಪರೀಕ್ಷೆ ಶುರುವಾಯಿತು.

ಹತ್ತು ವರ್ಷ ದಾಟಿದ ಕಾರುಗಳಿಗೆ ಮಾತ್ರ ಪರೀಕ್ಷೆ. ಅದಕ್ಕೇ ಜನ ಅದನ್ನು ಹತ್ತು ವರ್ಷದ ಟೆಸ್ಟ್ ಎಂದು ಕರೆದರು. ನೋಡುತ್ತಿದ್ದದ್ದು ಮೂರೇ ಸಂಗತಿ: ಬ್ರೇಕು, ದೀಪ, ಸ್ಟಿಯರಿಂಗು. ಮೊದಲ ಕೆಲ ತಿಂಗಳು ಐಚ್ಛಿಕವಾಗಿದ್ದದ್ದು 1961ರ ಫೆಬ್ರವರಿಯಿಂದ ಕಡ್ಡಾಯವಾಯಿತು. ಸಾರಿಗೆ ಸಚಿವಾಲಯದ ಇಂಗ್ಲಿಷ್ ಮೊದಲಕ್ಷರಗಳಿಂದ ಬಂದ ಎಂಓಟಿ ಎಂಬ ಹೆಸರು ಮುಂದೆ ಆ ಸಚಿವಾಲಯವೇ ಬೇರೊಂದರಲ್ಲಿ ಲೀನವಾದರೂ ಉಳಿಯಿತು.

ಆ ಕಾಲದ ಬ್ರೇಕ್ ಪರೀಕ್ಷೆಯನ್ನು ಹತ್ತಿರದಿಂದ ನೋಡಬೇಕು. ಪರೀಕ್ಷಕರ ಕೈಯಲ್ಲಿ ಟ್ಯಾಪ್ಲಿ ಮೀಟರ್ ಎಂಬ ಪುಟ್ಟ, ಭಾರವಾದ ಸಾಧನ. ಒಳಗೆ ಒಂದು ಲೋಲಕ, ಮೇಲೆ ಅಂಕಿಗಳ ಪಟ್ಟಿ. ಅದನ್ನು ಕಾರಿನ ನೆಲದ ಮೇಲಿಟ್ಟು ಮಟ್ಟ ಸರಿಮಾಡಿ, ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 20 ಮೈಲಿ ವೇಗಕ್ಕೆ ತಂದು ಬ್ರೇಕ್ ಒತ್ತಬೇಕು. ಕಾರು ಮುಗ್ಗರಿಸಿದಾಗ ಲೋಲಕ ಮುಂದಕ್ಕೆ ತೂಗುತ್ತದೆ, ಎಷ್ಟು ತೂಗಿತೆಂಬುದು ಪಟ್ಟಿಯ ಮೇಲೆ ಶೇಕಡಾ ಲೆಕ್ಕದಲ್ಲಿ ನಿಲ್ಲುತ್ತದೆ. ನಾಲ್ಕೂ ಚಕ್ರಕ್ಕೆ ಬ್ರೇಕ್ ಇರುವ ಕಾರಿಗೆ 50 ಬರಬೇಕು. ಅಂದರೆ 20 ಮೈಲಿ ವೇಗದಲ್ಲಿದ್ದ ಕಾರು ಸುಮಾರು 8 ಮೀಟರಿನಲ್ಲಿ ನಿಲ್ಲಬೇಕು. ಅಲ್ಲಿಯವರೆಗೆ ಬ್ರೇಕ್ ಚೆನ್ನಾಗಿದೆ, ಪರವಾಗಿಲ್ಲ, ಸ್ವಲ್ಪ ಸಡಿಲ ಎಂದೆಲ್ಲ ಬಾಯಿಮಾತಿನಲ್ಲಿ ಸಾಗುತ್ತಿದ್ದ ವ್ಯವಹಾರಕ್ಕೆ ಮೊದಲ ಬಾರಿ ಒಂದು ಅಂಕಿ ಬಂತು. ಹಳೆ ಕಾರಿನ ಚರಿತ್ರೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಮಾರುವವರ ಮಾತು, ಕೊಳ್ಳುವವರ ಅನುಮಾನ ಎರಡಕ್ಕೂ ಹೊರಗೆ ನಿಂತ ಮೂರನೆಯ ಸಾಕ್ಷಿ ಅದು. ಮುಂದೆ ರೋಲರ್ ಯಂತ್ರಗಳು ಬಂದು ಒಂದೊಂದು ಚಕ್ರವನ್ನೂ ಬೇರೆಬೇರೆಯಾಗಿ ಅಳೆಯತೊಡಗಿದವು. ಆದರೂ ರೋಲರಿನ ಮೇಲೆ ನಿಲ್ಲಿಸಲಾಗದ ಕೆಲ ವಾಹನಗಳಿಗೆ ಇಂಥ ಮೀಟರು ಇನ್ನೂ ಬಳಕೆಯಲ್ಲಿದೆ.

ಮೊದಲ ಫಲಿತಾಂಶಗಳು ಸರ್ಕಾರವನ್ನು ಬೆಚ್ಚಿಬೀಳಿಸಿದವು. ಫೇಲಾದ ಕಾರುಗಳ ಪ್ರಮಾಣ ಎಷ್ಟಿತ್ತೆಂದರೆ 1961 ಮುಗಿಯುವ ಮೊದಲೇ ವಯಸ್ಸಿನ ಮಿತಿಯನ್ನು ಹತ್ತರಿಂದ ಏಳು ವರ್ಷಕ್ಕೆ ಇಳಿಸಿದರು. 1967ರಲ್ಲಿ ಅದು ಮೂರು ವರ್ಷಕ್ಕೆ ಇಳಿಯಿತು. ಇಂದಿಗೂ ಅಷ್ಟೇ ಇದೆ. 1968ರಲ್ಲಿ ಟೈರ್ ಸೇರಿತು. 1977ರಲ್ಲಿ ವೈಪರ್, ಇಂಡಿಕೇಟರ್, ಹಾರನ್, ಸೈಲೆನ್ಸರ್ ಜೊತೆಗೆ ಕಾರಿನ ಮೈಕಟ್ಟೂ ಪರೀಕ್ಷೆಯ ಪಟ್ಟಿಗೆ ಬಂತು. ಆ ಕೊನೆಯದು ಸೇರಿದ್ದೇ ಹಳೆ ಕಾರುಗಳ ಹಣೆಬರಹ ಬದಲಾಯಿತು.

ಯಾಕೆಂದರೆ ಬ್ರಿಟನ್ನಿನಲ್ಲಿ ಹಳೆ ಕಾರನ್ನು ಕೊಲ್ಲುವುದು ಎಂಜಿನ್ನಿಗಿಂತ ಹೆಚ್ಚಾಗಿ ತುಕ್ಕು.

ಯುದ್ಧಕ್ಕೆ ಮೊದಲಿನ ಕಾರುಗಳಿಗೆ ಲಾರಿಯಂತೆ ಕೆಳಗೊಂದು ದಪ್ಪ ಚಾಸಿಸ್ ಇರುತ್ತಿತ್ತು, ಮೈ ಅದರ ಮೇಲೆ ಕೂತಿರುತ್ತಿತ್ತು. ಮೈಯ ತಗಡು ತುಕ್ಕು ತಿಂದರೆ ನೋಡಲು ಅಸಹ್ಯ, ಅಷ್ಟೆ. 1948ರ ಮಾರಿಸ್ ಮೈನರ್, 1959ರ ಮಿನಿ ಮೊದಲಾದ ಕಾರುಗಳಲ್ಲಿ ಬೇರೆ ಚಾಸಿಸ್ ಇಲ್ಲ. ಮಡಚಿ ಬೆಸೆದ ತೆಳು ತಗಡಿನ ಡಬ್ಬಿಯೇ ಕಾರಿನ ಬಲ. ಬಾಗಿಲ ಕೆಳಗಿನ ಟೊಳ್ಳು ಪಟ್ಟಿ, ಅಂದರೆ ಸಿಲ್, ಇಡೀ ಕಾರನ್ನು ಬಾಗದಂತೆ ಹಿಡಿಯುವ ತೊಲೆ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಚೆಷೈರ್‌ನ ವಿನ್ಸ್‌ಫರ್ಡ್ ಗಣಿಯಿಂದ ಬರುವ ಕಲ್ಲುಪ್ಪು. ಆ ಉಪ್ಪುನೀರು ಟೊಳ್ಳಿನೊಳಗೆ ಹೊಕ್ಕು ಕೂತರೆ ತಗಡು ಒಳಗಿನಿಂದ ಹೊರಕ್ಕೆ ಕೊಳೆಯುತ್ತದೆ. ಹೊರಗೆ ಬಣ್ಣ ಫಳಫಳ ಹೊಳೆಯುತ್ತಿದ್ದರೂ ಒಳಗೆ ಏನೂ ಉಳಿದಿರುವುದಿಲ್ಲ.

ಪರೀಕ್ಷಕರ ಕೆಲಸದಲ್ಲಿ ಅತಿ ಸೂಕ್ಷ್ಮವಾದದ್ದು ಇದನ್ನು ಪತ್ತೆ ಹಚ್ಚುವುದು. ಕಾರನ್ನು ಲಿಫ್ಟ್ ಮೇಲೆ ಎತ್ತಿ, ಟಾರ್ಚ್ ಹಿಡಿದು ಕೆಳಗೆ ನಡೆಯುತ್ತಾರೆ. ಕೈಯಲ್ಲಿ ಮೊಂಡು ತುದಿಯ, ಪುಟ್ಟ ಸುತ್ತಿಗೆಯಂಥ ಸಾಧನ. ಚೂಪಾದ ಸ್ಕ್ರೂಡ್ರೈವರಿನಿಂದ ಚುಚ್ಚುವಂತಿಲ್ಲ. ಗಟ್ಟಿ ತಗಡಿಗೆ ಗಾಯ ಮಾಡಿ ಫೇಲ್ ಮಾಡಿದರೆಂಬ ದೂರು ಬರಬಾರದು. ಮೆಲ್ಲಗೆ ಬಡಿದು ಕೇಳುತ್ತಾರೆ. ಗಟ್ಟಿ ಉಕ್ಕು ಠಣ್ ಎನ್ನುತ್ತದೆ. ತುಕ್ಕು ತಿಂದದ್ದು ಅಥವಾ ಪುಟ್ಟಿ ಮೆತ್ತಿ ಬಣ್ಣ ಬಳಿದದ್ದು ಮಂಕಾಗಿ ಸದ್ದು ಮಾಡುತ್ತದೆ. ಸಸ್ಪೆನ್ಷನ್, ಸ್ಟಿಯರಿಂಗ್, ಬ್ರೇಕ್, ಸೀಟ್ ಬೆಲ್ಟ್ ಇವು ಮೈಗೆ ಸೇರುವ ಜಾಗದಿಂದ 30 ಸೆಂಟಿಮೀಟರ್ ಒಳಗೆ ತಗಡು ದುರ್ಬಲವಾಗಿದ್ದರೆ ಕಾರು ಫೇಲ್. ಅದರಾಚೆ ಬರಿಯ ತೋರಿಕೆಯ ತುಕ್ಕಿದ್ದರೆ ಅಡ್ಡಿಯಿಲ್ಲ. ತೇಪೆ ಹಾಕುವುದಾದರೆ ಸುತ್ತಲೂ ಎಡೆಬಿಡದೆ ವೆಲ್ಡ್ ಮಾಡಿರಬೇಕು. ಅಲ್ಲಲ್ಲಿ ಚುಕ್ಕಿ ಇಟ್ಟರೆ ನಡೆಯದು. ನಮ್ಮ ಗ್ಯಾರೇಜುಗಳಲ್ಲಿ ಟಿಂಕರಿಂಗ್ ಮಾಡುವವರಿಗೆ ಈ ವ್ಯತ್ಯಾಸ ವಿವರಿಸಿ ಹೇಳಬೇಕಿಲ್ಲ.

ಈ ನಿಯಮದಿಂದ ನೆಲಕಚ್ಚಿದ ಕಾರುಗಳು ಲೆಕ್ಕವಿಲ್ಲದಷ್ಟು. ಮಿನಿಯ ಹಿಂದಿನ ಸಬ್‌ಫ್ರೇಮ್ ತುಕ್ಕು ಹಿಡಿದು ಫೇಲಾಗುವುದು ಎಷ್ಟು ಮಾಮೂಲಿಯಾಗಿತ್ತೆಂದರೆ, ಹಳೆ ಮಿನಿ ಕೊಳ್ಳುವವರು ಎಂಜಿನ್ ನೋಡುವ ಮೊದಲು ಬಗ್ಗಿ ಕೆಳಗೆ ನೋಡುತ್ತಿದ್ದರು. ಇದಕ್ಕಿಂತ ದೊಡ್ಡ ಹಗರಣವಾದದ್ದು ಇಟಲಿಯ ಲಾನ್ಸಿಯಾ ಬೀಟಾ. 1972ರಲ್ಲಿ ಬಂದ ಚಂದದ, ಚುರುಕಾದ ಕಾರು. ಮೊದಲ ವರ್ಷಗಳ ಕಾರುಗಳಲ್ಲಿ ಎಂಜಿನ್ ಹೊತ್ತ ಸಬ್‌ಫ್ರೇಮ್ ಮೈಗೆ ಸೇರುವ ಜಾಗವೇ ತುಕ್ಕಿನಿಂದ ಶಿಥಿಲವಾಗುತ್ತಿತ್ತು. 1980ರಲ್ಲಿ ಡೈಲಿ ಮಿರರ್ ಪತ್ರಿಕೆ ಇದನ್ನು ದೊಡ್ಡದಾಗಿ ಎತ್ತಿಕೊಂಡಿತು. ಕಂಪನಿ ಕೆಟ್ಟ ಕಾರುಗಳನ್ನು ಮಾಲೀಕರಿಂದ ವಾಪಸ್ ಕೊಂಡು ಗುಜರಿಗೆ ಹಾಕಬೇಕಾಯಿತು. ಆಮೇಲೆ ಬಂದ ಲಾನ್ಸಿಯಾ ಕಾರುಗಳಲ್ಲಿ ಆ ದೋಷ ತಿದ್ದಿದ್ದರೂ ಗಿರಾಕಿಗಳ ನಂಬಿಕೆ ಮರಳಲಿಲ್ಲ. 1994ರಲ್ಲಿ ಲಾನ್ಸಿಯಾ ಬ್ರಿಟನ್ನಿನ ಮಾರುಕಟ್ಟೆಯನ್ನೇ ಬಿಟ್ಟುಹೋಯಿತು.

ಪರೀಕ್ಷೆ ಹಳೆ ಕಾರಿನ ವ್ಯಾಪಾರದ ಭಾಷೆಯನ್ನೂ ಬದಲಾಯಿಸಿತು. ಪತ್ರಿಕೆಗಳ ಕಿರುಜಾಹೀರಾತುಗಳಲ್ಲಿ ಕಾರಿನ ಬಣ್ಣ, ಓಡಿದ ಮೈಲಿಗಳ ಪಕ್ಕ ಎಂಓಟಿ ಇನ್ನೆಷ್ಟು ತಿಂಗಳಿದೆ ಎಂಬುದೂ ಅಚ್ಚಾಗತೊಡಗಿತು. ಹನ್ನೆರಡು ತಿಂಗಳಿದ್ದರೆ ಒಂದು ಬೆಲೆ, ಎರಡು ತಿಂಗಳಿದ್ದರೆ ಇನ್ನೊಂದು, ಫೇಲಾಗಿದ್ದರೆ ಬಿಡಿಭಾಗಕ್ಕಷ್ಟೆ. ಎಂಓಟಿ ಪತ್ರ ತೋರಿಸದೆ ರಸ್ತೆ ತೆರಿಗೆ ಕಟ್ಟುವಂತಿರಲಿಲ್ಲ; ತೆರಿಗೆ ಕಟ್ಟಿದ್ದಕ್ಕೆ ಗಾಜಿಗೆ ಅಂಟಿಸುವ ದುಂಡು ಕಾಗದವಿಲ್ಲದೆ ರಸ್ತೆಗೆ ಇಳಿಯುವಂತಿರಲಿಲ್ಲ. ಒಂದಕ್ಕೊಂದು ಕೊಂಡಿ ಹಾಕಿದ ಈ ಏರ್ಪಾಡೇ ಪರೀಕ್ಷೆಯನ್ನು ತಪ್ಪಿಸಿಕೊಳ್ಳಲಾಗದಂತೆ ಮಾಡಿತು. ಆ ದುಂಡು ಕಾಗದ 2014ರ ಅಕ್ಟೋಬರಿನಲ್ಲಿ ರದ್ದಾಯಿತು, ಕೊಂಡಿ ಈಗ ಕಂಪ್ಯೂಟರಿನೊಳಗಿದೆ.

ವಂಚನೆ ಇರಲಿಲ್ಲವೇ? ಧಾರಾಳವಾಗಿ ಇತ್ತು. ಖಾಲಿ ಪ್ರಮಾಣಪತ್ರದ ಪುಸ್ತಕಗಳು ಗ್ಯಾರೇಜುಗಳಿಂದ ಕಳವಾಗುತ್ತಿದ್ದವು. ಕದ್ದ ಹಾಳೆಗೆ ಸುಳ್ಳು ಮೊಹರು ಒತ್ತಿ ಮಾರುವ ದಂಧೆ ನಡೆಯುತ್ತಿತ್ತು. ಕಾರನ್ನು ಕಣ್ಣಿಂದಲೂ ನೋಡದೆ ಪಾಸ್ ಎಂದು ಬರೆದುಕೊಡುವ ಪರೀಕ್ಷಕರು ಇಂದಿಗೂ ಆಗಾಗ ಸಿಕ್ಕಿಬಿದ್ದು ಜೈಲು ಸೇರುತ್ತಾರೆ. ಇನ್ನೊಂದು ಮೂಲದ ಸಮಸ್ಯೆ ಇದೆ. ಬ್ರಿಟನ್ನಿನಲ್ಲಿ ಪರೀಕ್ಷೆ ಮಾಡುವುದು ಬಹುಪಾಲು ಖಾಸಗಿ ಗ್ಯಾರೇಜುಗಳೇ. ನೀಲಿ ಫಲಕದ ಮೇಲೆ ಮೂರು ಬಿಳಿ ತ್ರಿಕೋನಗಳ ಗುರುತಿರುವ ಇಂಥ ಕೇಂದ್ರಗಳು 23,000ದಷ್ಟಿವೆ. ಪರೀಕ್ಷೆ ಮಾಡುವವರೇ ರಿಪೇರಿಯನ್ನೂ ಮಾಡುತ್ತಾರೆ. ಫೇಲ್ ಮಾಡಿದರೆ ಕೆಲಸ ಸಿಗುತ್ತದೆ, ಪಾಸ್ ಮಾಡಿದರೆ ಖಾಯಂ ಗಿರಾಕಿ ಸಂತೋಷಪಡುತ್ತಾರೆ. ಎರಡೂ ಕಡೆಗೆ ಎಳೆತ.

ಜರ್ಮನಿ ಈ ವಿಷಯದಲ್ಲಿ ಬೇರೆ ದಾರಿ ಹಿಡಿಯಿತು. 1865ರಲ್ಲಿ ಮನ್‌ಹೈಮ್ ಪಟ್ಟಣದ ಬಿಯರ್ ಕಾರ್ಖಾನೆಯೊಂದರಲ್ಲಿ ಉಗಿಯ ಬಾಯ್ಲರ್ ಸಿಡಿಯಿತು. ಮರುವರ್ಷ ಅಲ್ಲಿನ ಉದ್ಯಮಿಗಳು ಬಾಯ್ಲರುಗಳ ತಪಾಸಣೆಗೆಂದೇ ಒಂದು ಸ್ವತಂತ್ರ ಸಂಘ ಕಟ್ಟಿದರು. ಅಂಥ ಸಂಘಗಳೇ ಬೆಳೆದು ಇಂದಿನ ಟ್ಯೂಫ್ ಸಂಸ್ಥೆಗಳಾದವು. ಅವು ಕಾರನ್ನು ಪರೀಕ್ಷಿಸುತ್ತವೆ, ರಿಪೇರಿಗೆ ಕೈ ಹಾಕುವುದಿಲ್ಲ. ಯಾವ ಮಾಡೆಲ್ ಎಷ್ಟು ವರ್ಷಕ್ಕೆ ಎಲ್ಲೆಲ್ಲಿ ಕೆಡುತ್ತದೆ ಎಂಬ ಪಟ್ಟಿಯನ್ನು ದಶಕಗಳಿಂದ ಪ್ರಕಟಿಸುತ್ತಲೂ ಬಂದಿವೆ. ಹಳೆ ಕಾರು ಕೊಳ್ಳುವ ಜರ್ಮನ್ನರಿಗೆ ಅದು ಪಂಚಾಂಗವಿದ್ದಂತೆ. ಯುನೈಟೆಡ್ ಕಿಂಗ್‌ಡಮ್ಮಿನದೇ ಭಾಗವಾದ ಉತ್ತರ ಐರ್ಲೆಂಡಿನಲ್ಲೂ ಪರೀಕ್ಷೆ ಸರ್ಕಾರಿ ಕೇಂದ್ರಗಳಲ್ಲೇ ನಡೆಯುತ್ತದೆ. ಹಾಗೆಂದು ಅಲ್ಲಿ ಎಲ್ಲವೂ ಸಲೀಸಲ್ಲ: 2020ರ ಜನವರಿಯಲ್ಲಿ ಆ ಕೇಂದ್ರಗಳ ಲಿಫ್ಟುಗಳಲ್ಲೇ ಬಿರುಕು ಕಂಡು ಪರೀಕ್ಷೆಗಳನ್ನು ನಿಲ್ಲಿಸಬೇಕಾಯಿತು.

ಬ್ರಿಟನ್ನಿನ ಪದ್ಧತಿಗೆ ನಿಜವಾದ ಬೆಲೆ ಬಂದದ್ದು ಅದು ಕಂಪ್ಯೂಟರಿಗೆ ಏರಿದ ಮೇಲೆ. 2005ರಿಂದ ಒಂದೊಂದೇ ಕೇಂದ್ರ ಒಂದೇ ಜಾಲಕ್ಕೆ ಸೇರುತ್ತಾ ಬಂತು. ಪ್ರತಿ ಪರೀಕ್ಷೆಯ ದಿನಾಂಕ, ಪಾಸೋ ಫೇಲೋ, ಯಾವ ಕಾರಣಕ್ಕೆ, ಮೀಟರಿನಲ್ಲಿ ಎಷ್ಟು ಮೈಲಿ ಎಂಬುದೆಲ್ಲ ಒಂದೇ ಕಡೆ ದಾಖಲಾಗತೊಡಗಿತು. ಕದ್ದ ಹಾಳೆಗಳಿಗೆ ಬೆಲೆ ಇಲ್ಲವಾಯಿತು. ಅದಕ್ಕಿಂತ ಮುಖ್ಯವಾಗಿ, ಕೋಟಿಗಟ್ಟಲೆ ಕಾರುಗಳ ಆರೋಗ್ಯದ ದಾಖಲೆ ಸರ್ಕಾರದ ಕೈಗೆ ಬಂತು.

ಆದರೆ ಅದನ್ನು ಜನರಿಗೆ ಕೊಡಲು ಸರ್ಕಾರಿ ಸಂಸ್ಥೆಗೆ ಮನಸ್ಸಿರಲಿಲ್ಲ. ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ ಬಿಬಿಸಿ ಮಾಡೆಲ್‌ವಾರು ಫಲಿತಾಂಶ ಕೇಳಿದಾಗ, ಕಾರು ಕಂಪನಿಗಳ ವ್ಯಾಪಾರಕ್ಕೆ ಪೆಟ್ಟು ಬೀಳುತ್ತದೆ ಎಂಬ ನೆಪದಲ್ಲಿ ನಿರಾಕರಿಸಿತು. ಮಾಹಿತಿ ಆಯುಕ್ತರು ಒಪ್ಪಲಿಲ್ಲ. 2010ರ ಜನವರಿಯಲ್ಲಿ ಅಂಕಿಗಳು ಹೊರಬಂದವು. ಹೆಚ್ಚು ಓಡಾಡುವ ಮಾಡೆಲ್‌ಗಳ ಪೈಕಿ, ಮೂರು ವರ್ಷ ತುಂಬಿ ಮೊದಲ ಪರೀಕ್ಷೆಗೆ ಬಂದ ರೆನೋ ಮೆಗಾನ್ ಕಾರುಗಳಲ್ಲಿ ಶೇಕಡಾ 28ರಷ್ಟು ಫೇಲಾಗಿದ್ದವು. ಟೊಯೊಟಾ ಕೊರೊಲಾದಲ್ಲಿ ಶೇಕಡಾ 11ರಷ್ಟು. ಅದೇ ವರ್ಷದ ಕೊನೆಗೆ ಮಾಲೀಕರ ಗುರುತು ಅಳಿಸಿದ ಇಡೀ ದಾಖಲೆಯನ್ನೇ ಸರ್ಕಾರ ಎಲ್ಲರಿಗೂ ಬಿಟ್ಟುಕೊಟ್ಟಿತು. ಈಗ ಯಾರು ಬೇಕಾದರೂ ಕಾರಿನ ನಂಬರ್ ಹಾಕಿ ಅದರ ಹಿಂದಿನ ಪರೀಕ್ಷೆಗಳನ್ನೆಲ್ಲ ಪುಕ್ಕಟೆ ಓದಬಹುದು.

ಆ ದಾಖಲೆ ಓದುವುದು ಒಂದು ಕಲೆ. ಎಲ್ಲ ವರ್ಷವೂ ಪಾಸಾಗಿದ್ದರೆ ಕಾರು ಚೆನ್ನಾಗಿದೆ ಎಂದು ತೀರ್ಮಾನಿಸುವಂತಿಲ್ಲ. ಪಾಸಾದರೂ ಪರೀಕ್ಷಕರು ಕೆಳಗೆ ಕೆಲವು ಎಚ್ಚರಿಕೆಗಳನ್ನು ಬರೆದಿರುತ್ತಾರೆ: ಬ್ರೇಕ್ ಪೈಪಿಗೆ ಸ್ವಲ್ಪ ತುಕ್ಕು, ಮುಂದಿನ ಟೈರ್ ಸವೆದಿದೆ, ಸಸ್ಪೆನ್ಷನ್ ಬುಷ್ ಸಡಿಲವಾಗಿದೆ. ಒಂದು ವರ್ಷ ಬಂದ ಎಚ್ಚರಿಕೆ ಮರುವರ್ಷ ಮಾಯವಾಗಿದ್ದರೆ ಮಾಲೀಕರು ರಿಪೇರಿ ಮಾಡಿಸಿದ್ದಾರೆ. ಬ್ರೇಕ್ ಪೈಪಿನ ತುಕ್ಕು ಮೂರು ವರ್ಷ ಒಂದೇ ಸಮ ಕಂಡು ನಾಲ್ಕನೆಯ ವರ್ಷ ಫೇಲಾಗಿದ್ದರೆ, ಅದು ಕಡ್ಡಾಯವಾಗುವವರೆಗೂ ಒಂದು ಪೆನ್ನಿ ಬಿಚ್ಚದವರ ಕಾರು. ಅಂಥವರು ಆಯಿಲ್ ಬದಲಾಯಿಸಿರುತ್ತಾರೆಂಬ ಭರವಸೆಯೂ ಇಲ್ಲ. ಮೈಲಿಗಳ ಸಾಲು ಇನ್ನೊಂದು ಸಾಕ್ಷಿ. ಒಂದು ವರ್ಷ 92,000 ಇದ್ದದ್ದು ಮರುವರ್ಷ 61,000 ಆಗಿದ್ದರೆ ಮೀಟರ್ ಹಿಂದಕ್ಕೆ ತಿರುಗಿಸಿದ್ದಾರೆ ಎಂಬ ಅನುಮಾನಕ್ಕೆ ಬೇರೆ ಪುರಾವೆ ಬೇಕಿಲ್ಲ. ಓದಲು, ದುಡಿಯಲು ಬ್ರಿಟನ್ನಿಗೆ ಹೋಗಿ ಮೊದಲ ಸಲ ಹಳೆ ಕಾರು ಕೊಳ್ಳುವ ಕನ್ನಡಿಗರು ಕಾರು ನೋಡಲು ಹೋಗುವ ಮೊದಲೇ ಈ ಪುಟ ನೋಡಬೇಕು.

ಮಾಡೆಲ್‌ವಾರು ಅಂಕಿಗಳನ್ನೂ ಜೋಪಾನವಾಗಿ ಓದಬೇಕು. ಬ್ರಿಟನ್ನಿನ ಕಾರುಗಳು ಫೇಲಾಗುವುದು ಹೆಚ್ಚಾಗಿ ದೀಪ, ಸಸ್ಪೆನ್ಷನ್, ಬ್ರೇಕ್, ಟೈರ್ ಕಾರಣಕ್ಕೆ. ಬಲ್ಬ್ ಸುಟ್ಟದ್ದು, ಟೈರ್ ಸವೆದದ್ದು ಕಾರಿನ ತಪ್ಪಲ್ಲ, ಮಾಲೀಕರ ಅಲಕ್ಷ್ಯ. ವರ್ಷಕ್ಕೆ ಮೂವತ್ತು ಸಾವಿರ ಮೈಲಿ ಓಡಿಸುವವರು ಇಷ್ಟಪಡುವ ಮಾಡೆಲ್ ಬೇಗ ಫೇಲಾಗುತ್ತದೆ. ನಿವೃತ್ತರು ವಾರಕ್ಕೊಮ್ಮೆ ತೆಗೆಯುವ ಮಾಡೆಲ್ ಸುಲಭವಾಗಿ ಪಾಸಾಗುತ್ತದೆ. ಇನ್ನೂ ಮುಖ್ಯವಾದದ್ದು, ಎಂಓಟಿ ಪರೀಕ್ಷೆ ಎಂಜಿನ್, ಕ್ಲಚ್, ಗೇರ್‌ಬಾಕ್ಸುಗಳ ಸ್ಥಿತಿಯನ್ನು ನೋಡುವುದೇ ಇಲ್ಲ. ಯಾವ ಭಾಗವನ್ನೂ ಬಿಚ್ಚುವಂತಿಲ್ಲ. ಹೊಗೆ ಅಳೆಯುತ್ತಾರೆ, ಪೆಟ್ರೋಲ್ ಕಾರಿಗೆ 1991ರಿಂದ, ಡೀಸೆಲ್ ಕಾರಿಗೆ 1994ರಿಂದ. ಆದರೆ ನಾಳೆ ಟೈಮಿಂಗ್ ಬೆಲ್ಟ್ ಹರಿದು ಎಂಜಿನ್ ನುಚ್ಚುನೂರಾಗಲಿರುವ ಕಾರೂ ಇವತ್ತು ಪಾಸಾಗಬಹುದು. ಪರೀಕ್ಷೆ ಹೇಳುವುದು ಆ ದಿನ ಆ ಹೊತ್ತಿಗೆ ಕಾರು ಕನಿಷ್ಠ ಸುರಕ್ಷತೆಯ ಗೆರೆ ದಾಟಿತ್ತು ಎಂದಷ್ಟೆ. ಬಾಳಿಕೆಯ ಬಗ್ಗೆ ಸುಳಿವು ಸಿಗುವುದು ಹತ್ತಾರು ವರ್ಷದ ದಾಖಲೆಯನ್ನು ಒಟ್ಟಿಗೆ ಇಟ್ಟು ನೋಡಿದಾಗ.

2018ರ ಮೇ ತಿಂಗಳಿಂದ ದೋಷಗಳನ್ನು ಅಪಾಯಕಾರಿ, ದೊಡ್ಡದು, ಚಿಕ್ಕದು ಎಂದು ವಿಂಗಡಿಸುವ ಕ್ರಮ ಬಂದಿದೆ. ಅಪಾಯಕಾರಿ ಎಂದು ಬರೆದ ಮೇಲೆ ರಿಪೇರಿ ಮಾಡಿಸದೆ ಆ ಕಾರನ್ನು ಓಡಿಸುವಂತಿಲ್ಲ. ಮೊದಲ ಪರೀಕ್ಷೆಯನ್ನು ಮೂರರ ಬದಲು ನಾಲ್ಕು ವರ್ಷಕ್ಕೆ ಮುಂದೂಡುವ ಪ್ರಸ್ತಾಪ ಹಲವು ಸಲ ಬಂದಿದೆ. 2023ರಲ್ಲಿ ಮತ್ತೊಮ್ಮೆ ಬಂತು. ಅಭಿಪ್ರಾಯ ಸಂಗ್ರಹಿಸಿದ ಸರ್ಕಾರ 2024ರ ಆರಂಭದಲ್ಲಿ ಅದನ್ನು ಕೈಬಿಟ್ಟಿತು.

ಈ ಚರಿತ್ರೆಯ ಅತ್ಯಂತ ಕುತೂಹಲದ ತಿರುವು 2012ರದು. ಆ ವರ್ಷದ ನವೆಂಬರ್ 18ರಿಂದ 1960ಕ್ಕಿಂತ ಮೊದಲು ತಯಾರಾದ ಕಾರುಗಳಿಗೆ ಪರೀಕ್ಷೆಯಿಂದಲೇ ವಿನಾಯಿತಿ ಸಿಕ್ಕಿತು. ಯಾವ ಕಾರುಗಳಿಗೆ ಹೆದರಿ ಪರೀಕ್ಷೆ ಹುಟ್ಟಿತೋ ಅವುಗಳಿಗೇ! ಸರ್ಕಾರ ಕೊಟ್ಟ ಲೆಕ್ಕ ಸರಳವಾಗಿತ್ತು: ನೋಂದಾಯಿತ ವಾಹನಗಳಲ್ಲಿ ಅವುಗಳ ಪಾಲು ಶೇಕಡಾ 0.6ರಷ್ಟು, ಅಪಘಾತಗಳಲ್ಲಿ ಬರೇ 0.03ರಷ್ಟು. ಉಳಿದುಕೊಂಡ ಆ ಕಾರುಗಳೆಲ್ಲ ಈಗ ಅಕ್ಕರೆಯಿಂದ ಸಾಕುವವರ ಕೈಯಲ್ಲಿವೆ. 2018ರಲ್ಲಿ ಈ ವಿನಾಯಿತಿ, ದೊಡ್ಡ ಬದಲಾವಣೆಗಳಿಗೆ ಒಳಗಾಗದ 40 ವರ್ಷ ದಾಟಿದ ಕಾರುಗಳಿಗೆಲ್ಲ ವಿಸ್ತರಿಸಿತು. ಹಳೆಯದಾದ ಮಾತ್ರಕ್ಕೆ ಕಾರು ಅಪಾಯಕಾರಿಯಲ್ಲ ಎಂದು ಐವತ್ತು ವರ್ಷದ ಅಂಕಿಗಳನ್ನು ಮುಂದಿಟ್ಟುಕೊಂಡು ಹೇಳುವ ಧೈರ್ಯ ಆ ದೇಶಕ್ಕೆ ಬಂದಿತ್ತು.

ನಮ್ಮಲ್ಲಿ ಆಗಿರುವುದು ಇದರ ತಿರುವುಮುರುವು. ಲಾರಿ, ಬಸ್ಸು, ಟ್ಯಾಕ್ಸಿಗಳಿಗೆ ಅರ್ಹತಾಪತ್ರ, ಅಂದರೆ ಎಫ್‌ಸಿ, ಬ್ರಿಟಿಷರ ಕಾಲದ 1939ರ ಮೋಟಾರು ವಾಹನ ಕಾಯ್ದೆಯಲ್ಲೇ ಇತ್ತು. ಕರ್ನಾಟಕದ ಹಳೆ ತಲೆಮಾರಿನ ಚಾಲಕರು ಮೋಟಾರು ವಾಹನ ನಿರೀಕ್ಷಕರನ್ನು ಬ್ರೇಕ್ ಇನ್‌ಸ್ಪೆಕ್ಟರ್ ಎಂದೇ ಕರೆಯುತ್ತಾರೆ. ಖಾಸಗಿ ಕಾರಿಗೆ ಮಾತ್ರ 1988ರ ಕಾಯ್ದೆಯ ಪ್ರಕಾರ ಒಮ್ಮೆ ನೋಂದಣಿಯಾದರೆ 15 ವರ್ಷ ಯಾರೂ ಕೇಳುವುದಿಲ್ಲ. ಮೂರು ವರ್ಷಕ್ಕೇ ಬ್ರೇಕ್ ಕೆಟ್ಟರೂ ಕೇಳುವುದಿಲ್ಲ. 15 ತುಂಬಿದ ಮೇಲೆ ಒಮ್ಮೆ ಆರ್‌ಟಿಓ ಮುಂದೆ ನಿಲ್ಲಿಸಿ ಐದು ವರ್ಷಕ್ಕೆ ನವೀಕರಿಸಬೇಕು. 600 ರೂಪಾಯಿ ಇದ್ದ ಅದರ ಶುಲ್ಕ 2022ರ ಏಪ್ರಿಲಿನಿಂದ 5,000 ಆಯಿತು. ದೆಹಲಿಯಲ್ಲಂತೂ ಹಸಿರು ನ್ಯಾಯಮಂಡಳಿಯ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಕಾರಿನ ಭವಿಷ್ಯವನ್ನು ಅದರ ಜನ್ಮದಿನಾಂಕವೇ ನಿರ್ಧರಿಸುವಂತಾಯಿತು. ಆ ಆದೇಶದ ಸುತ್ತಲಿನ ವಾದ ಇನ್ನೂ ನಿಂತಿಲ್ಲ.

2021ರ ಆಗಸ್ಟಿನಲ್ಲಿ ಘೋಷಣೆಯಾದ ಗುಜರಿ ನೀತಿ ಸ್ವಲ್ಪ ಬೇರೆ ಮಾತು ಹೇಳುತ್ತದೆ. ಪರೀಕ್ಷೆಯಲ್ಲಿ ಪಾಸಾದರೆ ಕಾರು ಬದುಕಬಹುದು, ಪರೀಕ್ಷೆಯನ್ನು ಯಂತ್ರವೇ ಮಾಡಬೇಕು ಎಂಬುದು ಅದರ ತಿರುಳು. ನೆಲಮಂಗಲದಂಥ ಕಡೆ ರೋಲರ್ ಮೇಲೆ ಬ್ರೇಕ್ ಅಳೆಯುವ ಕೇಂದ್ರಗಳು ಬಂದಿವೆ. ಇದು ಸರಿಯಾದ ದಿಕ್ಕು. ಆದರೆ ಅಳೆದ ಅಂಕಿ ಎಲ್ಲಿ ಹೋಗುತ್ತದೆ? ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ಎಫ್‌ಸಿ ಯಾವ ದಿನದವರೆಗೆ ಇದೆ, ವಿಮೆ ಇದೆಯೋ ಇಲ್ಲವೋ ಎಂಬುದು ಕಾಣುತ್ತದೆ. ಯಾವ ವರ್ಷ ಯಾತಕ್ಕೆ ಫೇಲಾಯಿತು, ಆಗ ಮೀಟರ್ ಎಷ್ಟಿತ್ತು ಎಂಬುದು ಕಾಣುವುದಿಲ್ಲ. ಎರಡು ಲಕ್ಷ ಕೂಡಿಸಿ ಹನ್ನೆರಡು ವರ್ಷದ ಮಾರುತಿ ಕೊಳ್ಳಲು ಹೊರಟ ಕುಟುಂಬಕ್ಕೆ ಇಂದಿಗೂ ದಲ್ಲಾಳಿಯ ಬಾಯಿಮಾತು, ಪರಿಚಯದ ಮೆಕ್ಯಾನಿಕ್ಕಿನ ಕಿವಿ ಎರಡೇ ಆಧಾರ. ಬ್ರಿಟನ್ನಿನಲ್ಲಿ ಈ ಮಾಹಿತಿ ಜನರ ಕೈಗೆ ಬಂದದ್ದು ಕೇಳಿ, ಹಟ ಹಿಡಿದು, ಆಯುಕ್ತರವರೆಗೆ ಹೋದ ಮೇಲೆ. ನಮ್ಮಲ್ಲೂ ಮಾಹಿತಿ ಹಕ್ಕು ಕಾಯ್ದೆ ಇದೆ. ಸಾರಿಗೆ ಇಲಾಖೆ ಕೇಳುವವರೆಗೆ ಕಾಯದೆ, ಪ್ರತಿ ಎಫ್‌ಸಿ ಪರೀಕ್ಷೆಯ ಫಲಿತಾಂಶ, ಫೇಲಾದ ಕಾರಣ, ಮೀಟರಿನ ಅಂಕಿ ಮೂರನ್ನೂ ವಾಹನದ ನಂಬರಿನ ಎದುರು ಎಲ್ಲರಿಗೂ ಕಾಣುವಂತೆ ಹಾಕಬೇಕು; ಖಾಸಗಿ ಕಾರುಗಳಿಗೂ 15 ವರ್ಷದ ಮೊದಲೇ ಪರೀಕ್ಷೆ ತರಬೇಕು.